ಬಾಣಂತಿ ಸ್ನಾನಕ್ಕೆ ಗ್ಯಾಸ್ ಗೀಸರು

ಸಿಟ್ಟು ಬಂದಾಗ ಬರೆಯಲು ಕೂರಬಾರದು ಎನ್ನುವುದು ಸುದ್ದಿಮನೆಯಲ್ಲಿ ನಾನು ಕಲಿತ ಮೊದಲ ಪಾಠ. ನಡೆದದ್ದನ್ನು ನಡೆದ ಹಾಗೆ ಹೇಳು, ವಿಶೇಷಣಗಳನ್ನು ಊಟದ ಡಬ್ಬಿಗೆ ಹಾಕಿಕೊಂಡು ಮನೆಗೆ ಹೋಗು ಎನ್ನುತ್ತಿದ್ದರು ನಮ್ಮ ಹಿರಿಯ ಉಪಸಂಪಾದಕರು. ಅವರ ಮಾತಿನಂತೆ ನಡೆದು, ಚನ್ನಪಟ್ಟಣದ ಸುದ್ದಿಗಾರನಾಗಿ ಬಸ್ಸು ಮಗುಚಿದ್ದನ್ನೂ ರೇಷ್ಮೆಗೂಡಿನ ದರ ಏರಿದ್ದನ್ನೂ ಒಂದೇ ದನಿಯಲ್ಲಿ ವರದಿ ಮಾಡಿದ್ದೇನೆ. ಆದರೆ ನಮ್ಮ ಬಚ್ಚಲಿನ ಗ್ಯಾಸ್ ಗೀಸರಿನ ವಿಷಯ ಬಂದರೆ ಆ ಡಬ್ಬಿ ತುಂಬಿ ಹೊರಗೆ ಚೆಲ್ಲುತ್ತದೆ.

ಗೂಡಿಗೆ ಒಳ್ಳೆಯ ದರ ಸಿಗುತ್ತಿದ್ದ ಕಾಲ. ಹೊಂಗನೂರಿನ ಕಡೆ ರಾಗಿಯ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಗೂಡು ಮಾರಿ ಬಂದವರು ಹೆದ್ದಾರಿಯ ಅಂಗಡಿಗಳ ಮುಂದೆ ಇಳಿದು ಮಿಕ್ಸಿ, ಮೋಟಾರ್ ಬೈಕು, ಗೀಸರು ನೋಡುತ್ತಿದ್ದರು. ಒಂದು ಹುಳುವನ್ನೂ ಸಾಕದ ನನಗೂ ಆ ಗಾಳಿ ತಾಗಿತು. ಮಗಳು ಶೋಭಾ ಹೆರಿಗೆಗೆ ಬರುವವಳಿದ್ದಳು. ಹಸುಗೂಸಿರುವ ಮನೆಯಲ್ಲಿ ಸೌದೆ ಒಲೆಯ ಹೊಗೆ ಬೇಡ ಎಂದು ನಾನು ಬಚ್ಚಲಿನ ಒಲೆ ಒಡೆಸಿದೆ. ತಾಮ್ರದ ಹಂಡೆಯನ್ನು ಗುಜರಿಗೆ ಹಾಕಲು ಹೊರಟಾಗ ಹೊಂಗನೂರಿನಿಂದ ಬಂದಿದ್ದ ನನ್ನ ಅತ್ತೆ, ಅಂದರೆ ಹೆಂಡತಿ ರತ್ನಳ ತಾಯಿ, ಅಡ್ಡ ಬಂದರು. "ಬ್ಯಾಡದಿದ್ರೆ ನಂಗೆ ಕೊಡಿ ಅಳಿಮಯ್ಯಾ. ಹುಳದ ತಟ್ಟೆ ತೊಳೆಯಕ್ಕೆ ನೀರು ಕಾಯಿಸ್ಕತೀನಿ" ಎಂದು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು.

ಗೀಸರಿನ ಡಬ್ಬದ ಮೇಲೆ 'ನಿಮಿಷಕ್ಕೆ ಆರು ಲೀಟರ್ ಬಿಸಿನೀರು' ಎಂದಿತ್ತು. ಎಷ್ಟು ಬಿಸಿ ಎಂದು ಎಲ್ಲಿಯೂ ಇರಲಿಲ್ಲ. ಸಭೆಗೆ ಜನ ಬಂದಿದ್ದರು ಎಂದಷ್ಟೇ, ಎಷ್ಟು ಜನವೆಂದು ಹೇಳದೆ ಬರೆದರೆ ನಮ್ಮ ಕಚೇರಿಯಲ್ಲಿ ಹಾಳೆಯನ್ನು ಹಿಂದಕ್ಕೆ ಎಸೆಯುತ್ತಾರೆ. ಇಲ್ಲಿ ಅಂಥದೇ ಅರ್ಧ ವಾಕ್ಯವನ್ನು ಬಣ್ಣದಲ್ಲಿ ಅಚ್ಚು ಹಾಕಿ ಮಾರುತ್ತಾರೆ. ಅಂಗಡಿಯವನನ್ನು ಕೇಳಿದೆ. "ಸಾರ್, ಕೈ ಇಟ್ರೆ ಸುಡ್ತದೆ ಸಾರ್" ಎಂದ. ಅದು ಯಾವ ಅಳತೆ?

ಅತ್ತೆ ರೇಷ್ಮೆಹುಳು ಸಾಕುವ ಹುಳುಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಉಷ್ಣಮಾಪಕವನ್ನು ಕೇಳಿ ತಂದೆ. ಆ ಮನೆಯಲ್ಲಿ ಮನುಷ್ಯರಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ, ಉಷ್ಣಮಾಪಕ ಇರುವುದು ಹುಳುಗಳಿಗೆ. ಅದನ್ನು ಬಕೆಟ್ಟಿನಲ್ಲಿ ಅದ್ದಿ ನಾನು ಕಂಡುಕೊಂಡ ಸತ್ಯ ಇಷ್ಟು: ಉರಿ ಇರುವುದು ಒಂದೇ, ಅದನ್ನು ಹಂಚಿಕೊಳ್ಳುವ ನೀರು ಹೆಚ್ಚಾದರೆ ಪ್ರತಿ ತಂಬಿಗೆಯ ಪಾಲು ಕಡಿಮೆ. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಆರು ಲೀಟರ್ ಬರುತ್ತದೆ, ಆದರೆ ಅದು ಹೆಸರಿಗಷ್ಟೇ ಕೆಂಡವಾದ ಕೆಂಡಸಂಪಿಗೆಯಷ್ಟೂ ಬೆಚ್ಚಗಿರುವುದಿಲ್ಲ. ಸಣ್ಣಗೆ ಬಿಟ್ಟರೆ ಸುಡುತ್ತದೆ, ಬಕೆಟ್ಟು ತುಂಬುವ ಹೊತ್ತಿಗೆ ಮೊದಲು ಬಿದ್ದದ್ದು ಆರಿರುತ್ತದೆ. ಇನ್ನೂ ಸಣ್ಣಗೆ ಬಿಟ್ಟರೆ, ತೊಟ್ಟಿಯ ನೀರಿಗೆ ಒತ್ತಡ ಸಾಲದೆ ಗೀಸರು ಹೊತ್ತುವುದೇ ಇಲ್ಲ. ಚಳಿಗಾಲದಲ್ಲಿ ಒಳಬರುವ ನೀರೇ ತಣ್ಣಗಿರುವುದರಿಂದ ಇವೆಲ್ಲ ಇನ್ನೂ ಒಂದು ಮೆಟ್ಟಿಲು ಕೆಳಗೆ. ಇದನ್ನೆಲ್ಲ ರತ್ನಳಿಗೆ ವಿವರಿಸಿದೆ. "ರೀ, ಈಗ ನೀವು ಸ್ನಾನ ಮಾಡ್ತೀರೋ, ವರದಿ ಕಳಿಸ್ತೀರೋ?" ಎಂದಳು.

ವರದಿಯನ್ನೂ ಕಳಿಸಿದೆ. ಗೀಸರು ಕೊಳ್ಳುವವರು ಗಮನಿಸಬೇಕಾದ ಸಂಗತಿಗಳ ಬಗ್ಗೆ ತಿಳಿದವರನ್ನು ಕೇಳಿ, ಒಳಪುಟದಲ್ಲಿ ಅರ್ಧ ಕಾಲಂ ಬರೆದೆ. ಗ್ಯಾಸ್ ಉರಿಯಲು ಗಾಳಿ ಬೇಕು, ಬಚ್ಚಲಿನ ಗಾಳಿಕಿಂಡಿಯನ್ನು ಎಂದೂ ಮುಚ್ಚಬೇಡಿ, ಮುಚ್ಚಿದರೆ ವಾಸನೆಯೂ ಇಲ್ಲದ ವಿಷಗಾಳಿ ಸೇರಿ ಪ್ರಾಣಕ್ಕೆ ಕುತ್ತು ಎನ್ನುವುದೇ ಅದರ ತಲೆಬರಹ, ಅದೇ ಅದರ ತಿರುಳು. ನಮ್ಮ ಬಚ್ಚಲಿನ ಕಿಂಡಿಯನ್ನು ನಾನೇ ಜೇಡರ ಬಲೆ ತೆಗೆದು ತೆರೆದಿಟ್ಟಿದ್ದೆ.

ಶೋಭಾಗೆ ಗಂಡುಮಗು ಆಯಿತು. ಬಾಣಂತಿಗೆ ನೀರು ಹಾಕಲು ಅತ್ತೆ ಬಂದರು. ನಮ್ಮ ಕಡೆ ಬಾಣಂತಿ ಸ್ನಾನವೆಂದರೆ ಸ್ನಾನವಲ್ಲ, ಕಾರ್ಯಾಚರಣೆ. ಮೈಗೆ ಎಣ್ಣೆ ತಿಕ್ಕಿ, ಚರ್ಮ ಕೆಂಪೇರುವಂತೆ ಕೊಡಗಟ್ಟಲೆ ನೀರು ಹುಯ್ಯಬೇಕು. ನೀರು ಸುಡಲೂ ಬೇಕು, ಧಾರಾಳವಾಗಿಯೂ ಬೇಕು. ಎರಡನ್ನೂ ಒಟ್ಟಿಗೆ ಕೊಡಲಾಗದು ಎಂದು ನಾನು ಉಷ್ಣಮಾಪಕ ಹಿಡಿದು ಸಾಬೀತು ಮಾಡಿದ್ದ ಪೆಟ್ಟಿಗೆಯ ಕೆಳಗೆ ನಿಂತು ಅತ್ತೆ ಕೈ ಒಡ್ಡಿ ನೋಡಿದರು.

"ಇದೇನ್ ಅಳಿಮಯ್ಯಾ, ಕುರಿಮರಿ ಉಚ್ಚೆ ಒಯ್ದಂಗೆ ಐತಲ್ಲಾ. ಬಿಸಿ ಎಲ್ಲೋಯ್ತು?"

"ಒಸಿ ಸಣ್ಣಗೆ ಬಿಡಿ ಅತ್ತೆ, ಬಿಸಿ ಬರ್ತದೆ."

"ಸಣ್ಣಗೆ ಬುಟ್ರೆ ಕೂಸಿನ ನಾಮಕರಣದ ಹೊತ್ಗೆ ಬಕೀಟು ತುಂಬ್ತದೆ."

ಮಗುವಿಗೆ ನೀರು ಹಾಕಿ ರತ್ನಳ ಮಡಿಲಿಗೆ ಕೊಟ್ಟದ್ದಾಯಿತು. ಅತ್ತೆ ಶೋಭಾಳನ್ನು ಕರೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ನಡುಮನೆಯಲ್ಲಿ ಕೂತು ಆ ಕಂಪನಿಗೆ ಬರೆಯಬೇಕಾದ ದೂರಿನ ಮೊದಲ ವಾಕ್ಯವನ್ನು ವಿಶೇಷಣಗಳ ಸಮೇತ ಯೋಚಿಸುತ್ತಿದ್ದೆ. ಸ್ನಾನ ಮುಗಿಯುತ್ತಲೇ ಇರಲಿಲ್ಲ. ಒಳಗಿನಿಂದ ಮಗಳ ದನಿ ಕೇಳಿತು.

"ಅಜ್ಜೀ, ತಲೆ ಸುತ್ತುತಾ ಇದೆ."

"ಬಾಣಂತಿಗೆ ಸುತ್ತದೇ ಇನ್ಯಾರಿಗ್ ಸುತ್ತದು. ಸುಮ್ಕೆ ಕುಂತ್ಕೊ."

ಆ ಮಾತು ಕೇಳಿ ನಾನು ಎದ್ದೆ. ಹಿತ್ತಲಿಗೆ ಓಡಿ ನೋಡಿದರೆ ಗಾಳಿಕಿಂಡಿ ಕಾಣಲೇ ಇಲ್ಲ. ಅದರ ತುಂಬ ಕಾಗದ ತುರುಕಿದ್ದರು. ಸಿಲಿಂಡರ್ ಹೊರಗೇ ಇತ್ತು, ಮೊದಲು ಅದನ್ನು ಬಂದ್ ಮಾಡಿದೆ. ನುಗ್ಗೆಕಾಯಿ ಕೀಳುವ ದೋಟಿಯಿಂದ ಕಾಗದದ ಉಂಡೆಯನ್ನು ಎಳೆದು ಹಾಕಿ, ಬಂದು ಬಾಗಿಲು ಬಡಿದೆ. ಬಾಣಂತಿ ಸ್ನಾನದ ಬಾಗಿಲನ್ನು ಗಂಡಸು ಬಡಿಯುವುದೆಂದರೆ ನಮ್ಮ ಬೀದಿಯಲ್ಲಿ ಕೇಳರಿಯದ ಸಂಗತಿ. ರತ್ನಳೂ ಮಗುವನ್ನು ಎತ್ತಿಕೊಂಡೇ ಬಂದು ಕೂಗಿದ ಮೇಲೆ ಚಿಲಕ ಸರಿಯಿತು. ಶೋಭಾಳನ್ನು ಕಂಬಳಿ ಸುತ್ತಿ ಜಗುಲಿಗೆ ತಂದು ಕೂರಿಸಿದೆವು. ಮುಖ ಬಿಳುಚಿತ್ತು. ಆಟೋದಲ್ಲಿ ಕರೆದೊಯ್ದು ತೋರಿಸಿದೆವು. ಬೇಗ ಹೊರಗೆ ತಂದಿರಿ, ಹೆದರುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳುವವರೆಗೆ ನಾನು ಯಾವ ವಾಕ್ಯವನ್ನೂ ಯೋಚಿಸಲಿಲ್ಲ.

ಮನೆಗೆ ಬಂದ ಮೇಲೆ ಸಿಟ್ಟು ಬಂತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ತಮಗೂ ತಲೆನೋವು ಬಂದದ್ದನ್ನು ಅವರು ಇವತ್ತಿಗೂ ಒಪ್ಪಿಲ್ಲ.

"ಕಿಂಡಿ ಯಾಕೆ ಮುಚ್ಚಿದ್ರಿ ಅತ್ತೆ?"

"ಬಾಣಂತಿಗೆ ಗಾಳಿ ತಾಕ್‌ಬಾರ್ದು. ನಿಮ್ಮೆಂಡ್ತಿ ಬಾಣಂತನ್ದಾಗೂ ಮುಚ್ಚಿದ್ನಲ್ಲಾ."

"ಆಗ ಒಲೆಯ ಉರಿ ಆಚೆ ಕಡೆ ಇತ್ತು, ನೀರು ಮಾತ್ರ ಒಳಗಿತ್ತು. ಇಲ್ಲಿ ಉರಿಯೇ ಒಳಗಿದೆ. ನಿಮ್ಮ ಹುಳುಮನೆ ಕಿಟಕಿ ಹಿಂಗೆ ಮುಚ್ಚಿ ಒಳಗೆ ಇದ್ದಿಲು ಉರಿಸ್ತೀರಾ?"

"ನಂಗೇನ್ ತಲೆ ಕೆಟ್ಟದಾ? ಉಸ್ರು ಕಟ್ಟಿ ಹುಳ ಸತ್ತೋಯ್ತವೆ."

ಅತ್ತೆ ಒಳಕೋಣೆಯಲ್ಲಿ ಮಲಗಿದ್ದ ಮೊಮ್ಮಗಳ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಹುಳಕ್ಕೆ ಶೀತ ಆಗಕಿಲ್ಲ ಅಳಿಮಯ್ಯಾ, ಬಾಣಂತಿಗೆ ಆಯ್ತದೆ, ಅದ್ಕೇ ಹಂಗ್ ಮಾಡ್ದೆ. ಆ ಪೆಟ್ಗೇನ ಆಚ್ಗೆ ಹಾಕ್ಸಿ" ಎಂದರು.

ಹಾಕಿಸಿದೆ. ಗೀಸರು ಈಗ ಹಿತ್ತಲ ಗೋಡೆಯ ಮೇಲೆ, ತಗಡಿನ ಮರೆಯಲ್ಲಿ ಇದೆ. ಮರುದಿನವೇ ಹೊಂಗನೂರಿನಿಂದ ನಮ್ಮ ತಾಮ್ರದ ಹಂಡೆ ಬಸ್ಸಿನ ಮೇಲೆ ಕೂತು, ಹುಳುಗಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ಹೊರೆಯೊಡನೆ ವಾಪಸು ಬಂತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅತ್ತೆ ಅದರಲ್ಲಿ ಬಾಣಂತಿಯ ನೀರು ಕಾಯಿಸಿದರು. ಪಕ್ಕದಲ್ಲೇ ಗೀಸರು ನನ್ನೊಬ್ಬನ ಸ್ನಾನಕ್ಕೆ ಭುಸುಗುಡುತ್ತದೆ.

ಹೇಳಬೇಕಾದ್ದು ಒಂದು ಉಳಿದಿದೆ. ಕಿಂಡಿಯಿಂದ ಎಳೆದ ಕಾಗದದ ಉಂಡೆಯನ್ನು ಬಿಡಿಸಿ ನೋಡಿದೆ. ನಮ್ಮದೇ ಪತ್ರಿಕೆಯ ಒಳಪುಟ. ಗಾಳಿಕಿಂಡಿ ಮುಚ್ಚಬೇಡಿ ಎಂಬ ನನ್ನ ಅರ್ಧ ಕಾಲಂ ಅದರ ನಟ್ಟನಡುವೆ ಸುಕ್ಕಾಗಿ ಕೂತಿತ್ತು. ಅಂಗಳಕ್ಕೆ ತಂದು ಅತ್ತೆಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು. ಹಾಳೆಯನ್ನು ಈಸಿಕೊಂಡು ತೊಡೆಯ ಮೇಲೆ ಇಟ್ಟು, ಅಂಗೈಯಿಂದ ಸುಕ್ಕು ತೀಡಿ, ಮಡಿಸಿ ಚೀಲದಲ್ಲಿ ಇಟ್ಟುಕೊಂಡರು. ನನಗೆ ಮನಸ್ಸು ತುಂಬಿ ಬಂತು. ಹೊಂಗನೂರಿನಲ್ಲೂ ಮನೆಮನೆಗೆ ಗೀಸರು ಬರುತ್ತಿತ್ತಲ್ಲ.

"ಊರಲ್ಲಿ ಎಲ್ಲರಿಗೂ ಓದಿಸ್ತೀರಾ ಅತ್ತೆ?"

"ಓದ್ಸದೇನು? ಹುಳ ಹಣ್ಣಾಗವೆ. ಗೂಡು ಕಟ್ಟಕ್ಕೆ ಮುಂಚೆ ಉಚ್ಚೆ ಒಯ್ತವಲ್ಲಾ, ತಟ್ಟೆ ಕೆಳೀಕೆ ಹಾಸಕ್ಕೆ ಪೇಪರು ಬೇಕು. ನಿಮ್ದು ಸಂದಾಗಿ ಹೀರ್ಕತದೆ. ಒಂದಾಳೆ ಯಾಕ್ ದಂಡ ಮಾಡದು?"

ನನ್ನ ವರದಿ ಹೊಂಗನೂರಿಗೆ ಹೋಯಿತು. ಅದರ ಮೇಲೆ ಹುಳುಗಳು ಏನು ಮಾಡಿದವೆಂದು ನಾನು ವಿಚಾರಿಸಲಿಲ್ಲ. ಅವು ಇದ್ದ ಮನೆಯ ಕಿಟಕಿಗಳಂತೂ ತೆರೆದೇ ಇದ್ದವು. ಓದದೆಯೇ ನನ್ನ ಮಾತಿನಂತೆ ನಡೆದ ಓದುಗರು ನನಗೆ ಸಿಕ್ಕಿದ್ದು ಅವು ಮಾತ್ರ.