ನನ್ನನ್ನು ದ್ವೇಷಿಸಬೇಕೆಂದು ಕೊಕ್ಕರೆಯವರಲ್ಲಿ ಕೋರಿಕೆ

ನಮ್ಮ ಬಚ್ಚಲುಮನೆಯಲ್ಲಿ ಸದ್ಯ ಒಂಟಿಕಾಲಿನ ಮೇಲೆ ಬಿಜಯಮಾಡಿಸಿರುವ ಮಾನ್ಯ ಕೊಕ್ಕರೆಯವರೇ,

ಬಕೆಟ್ಟು ಹಿಡಿದು ನಿಂತಿರುವ ಈ ಮುದುಕನ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ಕಾರಣ ಸಾಷ್ಟಾಂಗವನ್ನು ಕಾಗದದಲ್ಲೇ ಮುಗಿಸುತ್ತಿದ್ದೇನೆ. ತಾವು ಕ್ಷೇಮವೆಂದು ನಂಬಿ, ಮನೆಮಂದಿಯೂ ನೆರೆಯವರೂ ತಿಳಿಯಲೆಂದು ಈ ದೂರನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಯಾರೋ ಪುಣ್ಯಾತ್ಮರು ಕೆರೆದಂಡೆಯಲ್ಲಿ ಬಿಸಾಡಿ ಹೋದ ಗಾಳದ ದಾರ ತಮ್ಮ ಕಾಲಿಗೂ ರೆಕ್ಕೆಗೂ ಸುತ್ತಿಕೊಂಡು, ಗಾಳ ಮಾಂಸಕ್ಕೆ ನಾಟಿ, ತಾವು ಕೆಸರಿನಲ್ಲಿ ಬಿದ್ದಿದ್ದಾಗ ಟವೆಲಿನಲ್ಲಿ ಸುತ್ತಿ ತಂದವನು ನಾನು. ಹಕ್ಕಿ ಡಾಕ್ಟರಮ್ಮ ಗಾಳ ಕಿತ್ತು, ಗಾಯ ಹೊಲಿದು, ಆಸ್ಪತ್ರೆಯಲ್ಲಿ ಜಾಗವಿಲ್ಲದೆ ತಮ್ಮನ್ನು ನನಗೊಪ್ಪಿಸುವಾಗ ಹೇಳಿದ್ದು ಇಷ್ಟೇ: "ತಾತ, ಪರದೆ ಹಿಂದಿನಿಂದ ಮೀನು ಹಾಕಿ, ಮುಖ ತೋರಿಸ್ಬೇಡಿ, ಮಾತಂತೂ ಆಡ್ಲೇಬೇಡಿ. ಮನುಷ್ಯರ ಸಲಿಗೆ ಹತ್ತಿದ್ರೆ ಇದು ಮತ್ತೆ ಗಾಳಕ್ಕೇ ಸಿಕ್ಕೊಳ್ಳತ್ತೆ."

ಮೀನು ಹಾಕಿದೆ. ಪರದೆಯನ್ನೂ ಕಟ್ಟಿದೆ. ಆದರೆ ನನ್ನ ಮಾತಿಗೆ ಕಿವಿಗೊಡುವ ಜೀವ ಈ ಮನೆಯಲ್ಲಿ ಸಿಕ್ಕಿದ್ದು ಅದೇ ಮೊದಲು. ಬಕಧ್ಯಾನವೆಂದರೆ ಕಪಟವೆಂದು ಜೀವಮಾನವಿಡೀ ಆಡಿಕೊಂಡವನು, ಭಾವಮೈದುನನ ಸೂರು ಸೋರುವ ಕಥೆಯನ್ನು ತಾವು ಆದ್ಯಂತ, ಒಮ್ಮೆಯೂ ಆಕಳಿಸದೆ ಕೇಳಿಸಿಕೊಂಡಾಗ ಅದರ ಮಹಿಮೆ ಅರಿತೆ. ಪರದೆ ತಾನಾಗಿ ಸರಿಯಿತು. "ಮಕ್ಕಳು ಅತ್ರೆ ಮಗ್ಗುಲು ಬದಲಾಯಿಸ್ತಿದ್ರಿ, ಈಗ ಕೊಕ್ಕರೆ ಕೊಕ್ಕು ಆಡಿಸಿದ್ರೆ ಎದ್ದು ಓಡ್ತೀರಿ" ಎಂದಳು ನನ್ನಾಕೆ. ತಾವು ಬಂದಂದಿನಿಂದ ಪಕ್ಕದ ಮನೆಯಲ್ಲಿ ಸ್ನಾನ ಮಾಡುವವಳಾದ್ದರಿಂದ ಅವಳ ಮಾತಿಗೆ ತೂಕವಿದೆ.

ಪರಿಣಾಮವಾಗಿ, ಕಳೆದ ಭಾನುವಾರ ತಮ್ಮನ್ನು ಕೆರೆಗೆ ಬಿಟ್ಟರೆ, ತಾವು ಒಂದು ಸುತ್ತು ಹಾರಿ, ಗಾಳ ಹಾಕಿ ಕೂತಿದ್ದವರೊಬ್ಬರ ಬುಟ್ಟಿಯ ಪಕ್ಕ ನೆಂಟರಂತೆ ಬಂದು ನಿಂತಿರಿ. "ಯಜಮಾನ್ರೇ, ಇದು ನಿಮ್ಮನೇದಾ? ನನ್ ಮೀನು ಲೆಕ್ಕ ಹಾಕ್ತಿದೆ" ಎಂದರು ಅವರು. ಡಾಕ್ಟರಮ್ಮ ನಗಲಿಲ್ಲ. ಇನ್ನೊಂದೇ ಸಲ ಬಿಡುವುದಂತೆ. ಆಗಲೂ ಮನುಷ್ಯರ ಹಿಂದೆ ಬಂದರೆ ತಮಗೆ ಕೊನೆತನಕ ಪಂಜರವೇ ಗತಿಯಂತೆ. "ತಾತ, ನೀವು ಸ್ವಲ್ಪ ಕೆಟ್ಟೋರಾಗ್ಬೇಕು."

ಆದೆ. ತಟ್ಟೆ ಬಡಿದೆ, ಕಣ್ಣು ಕೆಂಪಗೆ ಮಾಡಿದೆ, ಪೊರಕೆ ಬೀಸಿದೆ. ತಾವು ಕತ್ತು ಚಾಚಿ ನನ್ನ ಜೇಬಿನಲ್ಲಿ ಮೀನು ಹುಡುಕಿದಿರಿ. "ಇಷ್ಟು ವರ್ಷ ನನ್ ಮೇಲೆ ಮಾಡಿದ ಅಭ್ಯಾಸ ಎಲ್ಲಾ ಎಲ್ ಹೋಯ್ತು?" ಎಂಬುದು ಬಾಗಿಲಾಚೆಯಿಂದ ನನ್ನಾಕೆ ಕೊಟ್ಟ ಪ್ರೋತ್ಸಾಹ.

ಆದಕಾರಣ, ಮಾನ್ಯರೇ, ದಯವಿಟ್ಟು ನನ್ನನ್ನು ದ್ವೇಷಿಸಿ. ಟವೆಲು, ಮೀನು, ಭಾವಮೈದುನನ ಸೂರು ಎಲ್ಲವನ್ನೂ ಮರೆತು, ಆ ದಾರ ಎಸೆದವನು ನಾನೇ ಎಂದು ಭಾವಿಸಿ. ಎರಡೂ ಕಾಲನ್ನು ಒಟ್ಟಿಗೆ ಊರುವ ಪ್ರಾಣಿ ಕಂಡಲ್ಲೆಲ್ಲ ಹಾರಿಬಿಡಿ. ತಮ್ಮ ನೆಂಟರಿಷ್ಟರಿಗೆಲ್ಲ ನನ್ನ ಮೇಲೆ ಚಾಡಿ ಹೇಳಿ. ಇಷ್ಟು ಮಾಡಿದರೆ ಉಸಿರಿರುವತನಕ ತಮಗೆ ಋಣಿ.

ಈಗಲಾದರೂ ಬಾಯಿ ಮುಚ್ಚಿಕೊಂಡಿರುವ
ತಮ್ಮ ವಿಶ್ವಾಸಿ,
ಬಕೆಟ್ಟಿನ ಮುದುಕ

ಮ.ವಿ.: ಅಕ್ಷರ ವಕ್ರವಾಗಿದ್ದರೆ ಮನ್ನಿಸಬೇಕು, ಈ ಕೊನೆಯ ಸಾಲುಗಳನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇಂದು ಬೆಳಿಗ್ಗೆ ಕೆರೆಯ ಬಳಿ ಪೆಟ್ಟಿಗೆ ತೆರೆಯುತ್ತಲೇ ತಾವು ನನ್ನ ಬಲಗೈಗೆ ಬಲವಾಗಿ ಕುಕ್ಕಿ, ಗಾಳದವರ ತಲೆ ಮೇಲಿಂದ ಹಾರಿ, ಆಚೆ ದಡದ ಜೊಂಡಿನಲ್ಲಿ ಇಳಿದಿರಿ. ಅರ್ಜಿಯೊಂದನ್ನು ಇಷ್ಟು ಬೇಗ ವಿಲೇವಾರಿ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನನ್ನಾಕೆ ಬಚ್ಚಲಿಗೆ ಹೋದವಳು ಇನ್ನೂ ಹೊರಬಂದಿಲ್ಲ. ಒಮ್ಮೆ ತಿರುಗಿ ನೋಡಬಹುದಿತ್ತು ಎಂದು ನಾನೇನೂ ಅನ್ನುತ್ತಿಲ್ಲ. ಆದರೆ ಭಾವಮೈದುನನ ಸೂರು ಮತ್ತೆ ಸೋರುತ್ತಿದೆ; ಅದನ್ನೀಗ ಯಾರಿಗೆ ಹೇಳಲಿ?