ಹೆಸರಿನ ಮುಂದಿನ 'ಸಿ'

ಹೆಡ್ ಗುಮಾಸ್ತರು ತೀರಿಕೊಂಡ ಸುದ್ದಿ ಕಚೇರಿಗೆ ಮುಟ್ಟಿದ್ದು ಬೆಳಿಗ್ಗೆ ಹತ್ತೂವರೆಗೆ. ಮೂವತ್ತು ವರ್ಷ ಎಲ್ಲರ ಇಂಗ್ಲಿಷ್ ಕಾಗದಗಳನ್ನು ತಿದ್ದಿದ ಕೈ ಅದು. 'ಅಂಡ್' ಬದಲು ಚಿಹ್ನೆ ಹಾಕಿದರೆ, 'ಎಟ್ಸೆಟರಾ'ವನ್ನು ಮೊಟಕು ಮಾಡಿದರೆ, ಕಾಗದ ಕೆಂಪು ಶಾಯಿಯಲ್ಲಿ ಮಿಂದು ವಾಪಸಾಗುತ್ತಿತ್ತು. "ಕಾಗದ ಓದೋರು ನಿಮ್ಮ ಭಾವಮೈದ ಅಲ್ಲ, ಪೂರ್ತಿ ಬರೀರಿ" ಎನ್ನುತ್ತಿದ್ದರು.

ಅವರ ಕೈಕೆಳಗೇ ಕೆಲಸ ಕಲಿತ ಟಪಾಲು ಗುಮಾಸ್ತನಿಗೆ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳುವಷ್ಟರಲ್ಲಿ ಮ್ಯಾನೇಜರು ಕರೆದರು.

"ಮುಖ್ಯ ಕಚೇರಿಗೆ ಸಂತಾಪದ ಕಾಗದ ಕೊಡಬೇಕು, ಇಂಗ್ಲಿಷಲ್ಲಿ. ನೀವೇ ಬರೀರಿ. ನಿಮ್ಮ ವರ್ಗಾವಣೆ ಅರ್ಜೀನೂ ಅದೇ ಲಕೋಟೇಲಿ ಇಡ್ತೀನಿ, ಇವತ್ತೇ ಕಡೇ ದಿನ. ಒಂದು ತಪ್ಪು ಕಂಡ್ರೂ ಅಲ್ಲಿನ ದೊಡ್ಡ ಸಾಹೇಬ್ರು ಲಕೋಟೆ ಸಮೇತ ಎಸೀತಾರೆ. ಐದಕ್ಕೆ ಬಾಗಿಲು ಹಾಕ್ತಾರೆ, ನೆನಪಿರಲಿ."

ಮೂರು ವರ್ಷದಿಂದ ಹೆಂಡತಿ ಮಗಳು ಒಂದೂರು, ಅವನು ಒಂದೂರು. ಮಗಳು ಅವನನ್ನು 'ಭಾನುವಾರದ ಅಪ್ಪ' ಎಂದು ಗೆಳತಿಯರಿಗೆ ತೋರಿಸುತ್ತಿದ್ದಳು. ಅವನು ಜೀವ ಕೈಯಲ್ಲಿ ಹಿಡಿದು ಬರೆಯಲು ಕೂತ. ತಿಂಗಳು, ಹುದ್ದೆ, ಇಲಾಖೆ, ಎಲ್ಲ ಪೂರ್ತಿ ಬರೆದ. ಮೃತರ ಹೆಸರಿಗೆ ಬಂದಾಗ ಪೆನ್ನು ಕೆಸರಿಗೆ ಸಿಕ್ಕ ಚಕ್ರದಂತೆ ನಿಂತುಬಿಟ್ಟಿತು. ಹೆಸರಿನ ಮುಂದೆ 'ಸಿ', ಪಕ್ಕದಲ್ಲಿ ಒಂದು ಚುಕ್ಕೆ. ಮೊಟಕು ಅಕ್ಷರ ಮೊದಲ ಸಲ ಬಂದ ಕಡೆ ಬಿಡಿಸಿ ಬರೆಯಬೇಕೆಂಬುದು ಅವರದೇ ಕಟ್ಟಪ್ಪಣೆ. ಆದರೆ ಅದನ್ನು ಬಿಡಿಸುವುದು ಹೇಗೆ? ಸೇವಾ ಪುಸ್ತಕದಲ್ಲೂ ಬರೀ 'ಸಿ'.

"ಅಪ್ಪನ ಹೆಸರಿರಬೇಕು" ಎಂದಳು ಟೈಪಿಸ್ಟ್.

"ಊರಿನ ಹೆಸರು, ನಾನು ಬರೆದುಕೊಡ್ತೀನಿ" ಎಂದ ಉಗ್ರಾಣದವನು.

"ಸಿಡುಕು ಅಂತ ಇರಬೌದು ಸಾರ್" ಎಂದು ಕಾವಲುಗಾರ ಮೆಲ್ಲಗೆ ಉಸುರಿ, ತಾನೇ ಕೆನ್ನೆ ಬಡಿದುಕೊಂಡ.

ಮೂರು ಗಂಟೆಗೆ ಬೇರೆ ದಾರಿ ಕಾಣದೆ ಅವನು ಸಾವಿನ ಮನೆಗೇ ಓಡಿದ. ಹೊಸ್ತಿಲಾಚೆ ಚಪ್ಪಲಿ ಬಿಟ್ಟ. ಅಳುತ್ತ ಕೂತ ಅವರ ಹೆಂಡತಿಯನ್ನು ಇಂಥದ್ದು ಕೇಳುವುದೆಂದರೆ ಉರಿವ ಗಾಯಕ್ಕೆ ಉಪ್ಪು. ಆದರೂ ಕೇಳಿದ.

"ಅಮ್ಮಾ, ಯಜಮಾನರ ಹೆಸರಿನ ಮುಂದೆ 'ಸಿ' ಇದೆಯಲ್ಲ... ಅದು ಏನು?"

ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ನಲವತ್ತು ವರ್ಷ 'ರೀ' ಅಂತ ಕರೆದವಳಪ್ಪ ನಾನು. ಹೆಸರೇ ಹಿಡಿದಿಲ್ಲ, ಅದರ ಬಾಲ ನನಗೆಲ್ಲಿ ಗೊತ್ತು?"

ಮೂಲೆಯಲ್ಲಿದ್ದ ಮೃತರ ಅಕ್ಕ ತಲೆಯೆತ್ತಿದರು. "ಅದಕ್ಕೆ ಏನೂ ಇಲ್ಲ ಕಣಪ್ಪಾ. ಶಾಲೇಲಿ ಒಂದೇ ಹೆಸರಿನ ಮೂರು ಹುಡುಗರು. ಮೇಷ್ಟ್ರು ಒಬ್ಬನಿಗೆ ಎ, ಒಬ್ಬನಿಗೆ ಬಿ, ನಮ್ಮವನಿಗೆ ಸಿ ಅಂತ ಹಾಕಿದ್ರು. ಅದೇ ಅಂಟಿಕೊಳ್ತು. ಯಾರಾದ್ರೂ ಬಿಡಿಸಿ ಹೇಳು ಅಂದುಬಿಟ್ಟಾರು ಅಂತ ಪಾಪ, ಜನ್ಮವೆಲ್ಲ ಹೆದರ್ತಿದ್ದ."

ಅಳುತ್ತಿದ್ದ ಹೆಂಡತಿ ಫಕ್ಕನೆ ನಕ್ಕರು. ನಕ್ಕದ್ದಕ್ಕೆ ಮತ್ತೆ ಅತ್ತರು.

ಕಚೇರಿಗೆ ಮರಳಿದಾಗ ನಾಲ್ಕೂ ಇಪ್ಪತ್ತು. "ಏನೋ ಒಂದು ಹೆಸರು ತುರುಕ್ರೀ, ಸತ್ತವರು ಎದ್ದು ಬಂದು ಕೇಳ್ತಾರಾ?" ಎಂದ ಉಗ್ರಾಣದವನು. ಪೆನ್ನು ಆ ಕಡೆ ವಾಲಿತು. ಆದರೆ ಗುರುವಿನ ಹೆಸರಿಗೆ ಸುಳ್ಳು ಅಂಟಿಸಲು ಮನಸ್ಸು ಒಪ್ಪಲಿಲ್ಲ. 'ಈ ಅಕ್ಷರ ಯಾವುದರ ಮೊಟಕೂ ಅಲ್ಲ' ಎಂದು ಬರೆದು, ಚುಕ್ಕೆ ತೆಗೆದುಹಾಕಿದ.

ಲಕೋಟೆ ಹಿಡಿದು ಅವನೇ ಮುಖ್ಯ ಕಚೇರಿಗೆ ಓಡಿದ. ಐದಕ್ಕೆ ಐದು ನಿಮಿಷ. ದೊಡ್ಡ ಸಾಹೇಬರು ಕೆಂಪು ಪೆನ್ನು ಹಿಡಿದು ಓದತೊಡಗಿದರು. ಪೆನ್ನು ಸಾಲಿನಿಂದ ಸಾಲಿಗೆ ಹಾವಿನಂತೆ ಇಳಿಯಿತು. 'ಸಿ' ಬಳಿ ಹೆಡೆಯೆತ್ತಿ ನಿಂತಿತು. ಸಾಹೇಬರು ಆ ಸಾಲನ್ನು ಎರಡು ಸಲ ಓದಿ, ಕೆಳಗಿದ್ದ ಅರ್ಜಿಯ ಮೇಲೂ ಕಣ್ಣಾಡಿಸಿ, ಪೆನ್ನಿನ ಮುಚ್ಚಳ ಹಾಕಿದರು.

"ನನ್ನ ಸರ್ವೀಸಲ್ಲಿ ಪೆನ್ನು ಮುಟ್ಟಿಸದ ಮೊದಲ ಕಾಗದ ರೀ ಇದು."

ಅವನಿಗೆ ಜೀವ ಬಂತು. "ಸಾರ್... ನನ್ನ ವರ್ಗಾವಣೆ ಅರ್ಜಿ?"

"ಅದನ್ನೂ ಓದಿದೆ. ಅದರಲ್ಲೂ ಒಂದೂ ತಪ್ಪಿಲ್ಲ. ಅದಕ್ಕೇ ತಿರಸ್ಕರಿಸಿದ್ದೀನಿ. ನಿಮ್ಮಂಥೋರನ್ನ ಬೇರೆ ಊರಿಗೆ ಬಿಟ್ಟುಕೊಟ್ಟು ಇಲ್ಲಿನ ಕಾಗದ ಯಾರ ಕೈಲಿ ತಿದ್ದಿಸಲಿ? ನಾಳೆಯಿಂದ ಹೆಡ್ ಗುಮಾಸ್ತರ ಕುರ್ಚಿ ನಿಮ್ಮದು."

ಸಂಜೆ ಅವನು ಮತ್ತೆ ಆ ಮನೆಯ ಅಂಗಳದಲ್ಲಿ ನಿಂತಿದ್ದ. ಚಾಪೆಯ ಮೇಲೆ ಮಲಗಿಸಿದ್ದ ಹೆಡ್ ಗುಮಾಸ್ತರ ಮುಖ ಶಾಂತವಾಗಿತ್ತು. ಇವರು ಕಲಿಸಿದ್ದೇ ವರ್ಗಾವಣೆಗೆ ಕಲ್ಲಾಯಿತೆಂದು ಕೋಪ ಮಾಡಿಕೊಳ್ಳಲು ಬಂದವನ ಕೈಗಳು ತಾವಾಗಿಯೇ ಜೋಡಿಕೊಂಡವು. ದೇವರೇ, ಎಲ್ಲರಿಂದ ಪೂರ್ತಿ ಬರೆಸಿದ ಈ ಜೀವಕ್ಕೆ ಶಾಂತಿ ಕೊಡು. ಸ್ವಲ್ಪವೂ ಮೊಟಕು ಮಾಡದೆ, ಪೂರ್ತಿ ಕೊಡು.