ಹದ್ದಿನಗುಡ್ಡದಲ್ಲಿ ಚಾಲಕನ ಕುರ್ಚಿಗಾಗಿ ನಡೆದ ಮಹಾಸಮರ

ಎಲೈ ಕಾಲವೇ, ರಾಜವಂಶಗಳನ್ನು ನುಂಗಿ ನೀರು ಕುಡಿದ ಮಹಾಕಾಲವೇ, ಹದ್ದಿನಗುಡ್ಡದ ಕೋಟೆಯಲ್ಲಿ ನೀನು ಮಿಗಿಸಿದ್ದು ಒಂದು ಮುರುಕು ಬುರುಜು, ಒಂದು ಟಿಕೆಟ್ಟಿನ ಕಿಂಡಿ. ಪ್ರವಾಸೋದ್ಯಮವೇ ನಾಡಿನ ಭಾಗ್ಯದ ಬಾಗಿಲೆಂದು ದೊಡ್ಡ ಫಲಕವೊಂದು ಸಾರುತ್ತಿದ್ದ ಯುಗದಲ್ಲಿ, ಆ ಫಲಕದ ನೆರಳಿನಲ್ಲೇ ಬಾಳಿದ ಇಬ್ಬರ ಕಥೆಯನ್ನು ಹೇಳುತ್ತೇನೆ. ಒಬ್ಬಳು ತಪ್ತತೈಲಕಟಾಹೇಶ್ವರಿ, ಚಣಕಪಿಷ್ಟಲಿಪ್ತಹಸ್ತೆ, ಮಿರ್ಚಿ ಭಜಿಯ ಶಿವಗಂಗವ್ವ. ಇನ್ನೊಬ್ಬ ಧೂಮಾವೃತವದನ, ಏಕಹಸ್ತದಶಚಷಕಧಾರಿ, ಚಹಾದಂಗಡಿಯ ಮಾನಿಂಗಪ್ಪ. ಅಲಂಕಾರ ನನ್ನದು, ಹಸಿವು ಅವರದು.

ಕೇಳಿ, ರಣಧರ್ಮವನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನ ಐವತ್ತೆರಡು ಹೊಟ್ಟೆಗಳಿಗೂ ಅಧಿಪತಿ ಒಬ್ಬನೇ, ಚಾಲಕ. ಅವನು ಯಾವ ಅಂಗಡಿಯಲ್ಲಿ ಕೂರುತ್ತಾನೋ ಬಸ್ಸಿಗೆ ಬಸ್ಸೇ ಅಲ್ಲಿಗೆ ಬರುತ್ತದೆ. ಅದಕ್ಕೇ ಅವನಿಗೆ ತಿಂಡಿ ಪುಕ್ಕಟೆ. ಕೋಟೆ ಕಟ್ಟಿಸಿದ ಅರಸನ ಹೆಸರು ಮರೆತ ಆ ಊರಿನಲ್ಲಿ ಚಾಲಕನಿಗೆ ಮಾತ್ರ ಎರಡು ಸಿಂಹಾಸನಗಳಿದ್ದವು: ಇವಳಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಅವನಲ್ಲಿ ನೀಲಿ.

ಅಂದು ಬೇಸಿಗೆ ರಜೆಯ ಕೊನೆಯ ಭಾನುವಾರ. ಮರುದಿನದಿಂದ ಗುಡ್ಡ ಹತ್ತುವವು ಆಡುಗಳು ಮಾತ್ರ. ಅವು ಭಜಿ ತಿನ್ನುವುದಿಲ್ಲ. ಶಿವಗಂಗವ್ವ ಉಳಿದ ಕಡಲೆಹಿಟ್ಟನ್ನೆಲ್ಲ ಕಲಸಿಬಿಟ್ಟಿದ್ದಳು. ಮಾನಿಂಗಪ್ಪ ಹತ್ತು ಲೀಟರು ಹಾಲು ಕಾಯಿಸಿಬಿಟ್ಟಿದ್ದ. ಸಂಜೆಯೊಳಗೆ ಖರ್ಚಾಗದಿದ್ದರೆ ಹಿಟ್ಟು ಹುಳಿ, ಹಾಲು ಒಡಕು, ಮಳೆಗಾಲವೆಲ್ಲ ಬರಿಗೈ.

ಆಗ, ಪ್ರಳಯಮೇಘದಂತೆ ಧೂಳೆಬ್ಬಿಸುತ್ತ, ಮದಗಜದಂತೆ ಘೀಳಿಡುತ್ತ, ಹಿಂಬದಿ ಗಾಜಿನಲ್ಲಿ ಒಣಹಾಕಿದ ಟವೆಲುಗಳೇ ಧ್ವಜಗಳಾಗಿ, ತೆಂಕಣ ಸೀಮೆಯ ಟೂರಿಸ್ಟ್ ಬಸ್ಸೊಂದು ಬಂದು ನಿಂತಿತು. ಇಬ್ಬರೂ ಕುರ್ಚಿ ಹೊತ್ತು ಚಾಲಕನ ಬಾಗಿಲಿಗೆ ನುಗ್ಗಿದರು.

"ಏ ಮಾನಿಂಗ್ಯಾ, ಸರಿ ಆಕಡೆ! ನಿನ್ನ ಚಾದಾಗ ನೊಣ ಈಜು ಕಲ್ತು ಮರಿ ಮಾಡ್ಯಾವ!"

"ಹೋಗಬೇ ಯಕ್ಕಾ! ನಿನ್ನ ಮಿರ್ಚಿ ತಿಂದಾವ್ರು ಕ್ವಾಟಿ ನೋಡೂದು ಬಿಟ್ಟು ನೀರು ಹುಡುಕ್ಕೋತ ತಿರಗ್ಯಾರ!"

"ಸಾಹೇಬ್ರ, ಇಲ್ಲಿ ಕುಂದರ್ರಿ! ಈ ಕೈ ಕಾದ ಎಣ್ಣಿಗೆ ಅಂಜಿಲ್ಲ, ಇವಗ ಅಂಜತೈತೇನು?"

"ಅಣ್ಣಾರ, ನೀಲಿ ಕುರ್ಚಿಗೆ ನಾಕೂ ಕಾಲು ಅದಾವ್ರಿ. ಆಕಿದು ನೋಡಿ ಕುಂದರ್ರಿ!"

ಕೆಂಪು ನೀಲಿಯನ್ನು ತಾಗಿತು. ನೀಲಿ ಕೆಂಪನ್ನು ಇರಿಯಿತು. ಬುರುಜಿನ ಪಾರಿವಾಳಗಳು ಹಾರಿದವು. ಅಪಾರ ನ್ಯಾಯಬುದ್ಧಿಯ ಚಾಲಕ ಕೆಂಚೇಗೌಡನು ಕೆಂಪಿನಲ್ಲಿ ಕೂತು ಎಂಟು ಮಿರ್ಚಿ ತಿಂದನು. "ಇನ್ನೆರಡು ಹಾಕಮ್ಮ" ಎಂದನು. ಹಾಕಿದಳು. ಬಳಿಕ ನೀಲಿಗೆ ಬಂದು ಮೂರು ಚಹಾ ಕುಡಿದನು. ಇಬ್ಬರೂ ಬಸ್ಸಿನತ್ತ ಕತ್ತು ಚಾಚಿ ನಿಂತರು.

ಜನ ಇಳಿದರು. ಯಾರೂ ಬರಲಿಲ್ಲ. ಬಸ್ಸಿನ ಬಸಿರು ತೆರೆಯಿತು. ಅದರಿಂದ ಗ್ಯಾಸ್ ಸಿಲಿಂಡರ್ ಹೊರಬಂತು, ಒಲೆ ಬಂತು, ಕೊಪ್ಪರಿಗೆ ಬಂತು, ರವೆಯ ಚೀಲ ಬಂತು, ಕೊನೆಗೆ ಪಂಚೆ ಎತ್ತಿ ಕಟ್ಟಿದ ಅಡುಗೆಯವರು ಒಬ್ಬರು ಬಂದರು.

"ಅಣ್ಣಾರ, ಮಂದಿ ಯಾಕ ಬರವಲ್ರು?" ಎಂದ ಮಾನಿಂಗಪ್ಪ.

"ಅವ್ರ್ಯಾಕ್ ಬರ್ತಾರೆ? ಟೂರ್‌ನೋರು ಅಡುಗೆ ಭಟ್ರನ್ನೇ ಕರ್ಕೊಂಡ್ ಬಂದವ್ರೆ. ಮೂರೊತ್ತೂ ನಮ್ದೇ ಊಟ."

"ಮದ್ಲ ಹೇಳಬಾರದೇನ್ರೀ?" ಎಂದಳು ಶಿವಗಂಗವ್ವ.

"ನೀವು ಕೇಳಿದ್ರಾ? ತಿನ್ನಿ ಅಂದ್ರಿ, ತಿಂದೆ." ಹೀಗೆಂದು ಚಕ್ರವರ್ತಿಯು ನೀಲಿ ಸಿಂಹಾಸನದಲ್ಲೇ ಕಣ್ಣು ಮುಚ್ಚಿದನು.

ಆಗ ಭಟ್ಟರು ರಣರಂಗದ ನಡುವೆ ನಿಂತು ಕೇಳಿದರು: "ಅಮ್ಮಾ, ಲೈಟರ್ ಕೆಟ್ಟುಹೋಯ್ತು. ಒಂದು ಬೆಂಕಿಕಡ್ಡಿ ಇದ್ಯಾ?"

ಇಬ್ಬರೂ ಓಡಿದರು. ಆದರೆ ಅವಳ ಬೆಂಕಿಪೆಟ್ಟಿಗೆಯ ಗೀರುವ ಮಗ್ಗುಲಿಗೆಲ್ಲ ಹಿಟ್ಟು ಮೆತ್ತಿತ್ತು. ಅವನ ಪೆಟ್ಟಿಗೆಯಲ್ಲಿ ಕಡ್ಡಿ ಮುಗಿದಿತ್ತು. ಅವಳು ಕಡ್ಡಿ ಚಾಚಿದಳು. ಅವನು ಪೆಟ್ಟಿಗೆ ಚಾಚಿದ. ಭಟ್ಟರು ಗೀರಿದರು, ಒಲೆ ಹತ್ತಿತು. "ಒಂದೇ ಸಾಕು" ಎಂದು ಪೆಟ್ಟಿಗೆ ವಾಪಸು ಕೊಟ್ಟರು.

ಐವತ್ತೆರಡು ಜನಕ್ಕೆ ಹದ್ದಿನಗುಡ್ಡ ಒದಗಿಸಿದ್ದು ಇಷ್ಟೇ.

ಶಿವಗಂಗವ್ವ ಕೂತು ಹಿಟ್ಟನ್ನೆಲ್ಲ ಕರಿಯತೊಡಗಿದಳು. ಹುಳಿಯಾಗಲು ಬಿಡುವುದಾದರೂ ಹೇಗೆ? ಮಾನಿಂಗಪ್ಪ ಕೇಳದೆಯೇ ಚಹಾ ತಂದಿಟ್ಟ, ಕೇಳದೆಯೇ ಒಂದು ಮಿರ್ಚಿ ತೆಗೆದುಕೊಂಡ.

"ಖಾರ ಆಗೇತಿ" ಎಂದ.

"ಚಾ ಥಂಡಿ ಐತಿ" ಎಂದಳು.

ಅತ್ತ ಉಪ್ಪಿಟ್ಟಿನ ವಾಸನೆ ಎದ್ದಿತು. ಕೆಂಚೇಗೌಡನು ಕಣ್ಣುಜ್ಜಿಕೊಂಡು ಎದ್ದು, ತಟ್ಟೆ ಹಿಡಿದು, ಸಾಲಿನಲ್ಲಿ ಮೊದಲಿಗನಾಗಿ ನಿಂತನು.